ಎದುರು ಪುಟದ ಚಿತ್ರ

೧೯೫೯ರಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳಿರುವಾಗ, ಒಂದು ಸೋಮವಾರ ಊಟದ ಗಂಟೆಗೆ ಸ್ವಲ್ಪ ಮೊದಲು, ನಾನು ನಮ್ಮ ಹೆಡ್‌ಮಾಷ್ಟ್ರ ಕೋಣೆಯಲ್ಲಿ ನಿಂತಿದ್ದೆ. ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ, ಮೇಜಿನ ಎಡಗಡೆ. ಮೇಜಿನ ಮೇಲೆ ನನ್ನ ವಿಜ್ಞಾನದ ಉತ್ತರಪತ್ರಿಕೆ ಇತ್ತು. ಹೃದಯದ ಕುರಿತ ಉತ್ತರಕ್ಕೆ ಕೆಂಪು ಗೆರೆ ಬಿದ್ದಿತ್ತು.

ವಿಜ್ಞಾನದ ಮಾಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು. "ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಎದುರು ಪುಟದ ಚಿತ್ರ ನೋಡಿ." ಮತ್ತೆ ನನ್ನ ಕಡೆ ತಿರುಗಿದರು. "ಎಂತ ಮಾರಾಯ ಇದು? ನಿನ್ನ ಪೇಪರಿನಲ್ಲಿ ಎದುರು ಪುಟ ಎಲ್ಲಿ ಉಂಟು?"

"ಬಾಯಿಪಾಠ ಸರ್," ಎಂದೆ.

ನಕಲು ಎಂದು ಖಚಿತವಾದರೆ ಈ ವರ್ಷ ಪರೀಕ್ಷೆಗೆ ಕಳಿಸುವುದಿಲ್ಲ ಎಂದರು ಹೆಡ್‌ಮಾಷ್ಟ್ರು.

ನಾನು ನಕಲು ಮಾಡಿರಲಿಲ್ಲ. ಕಣ್ಣಿನಿಂದ ಓದಿದ್ದು ನನ್ನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟೆ. ಬಂದರಿನ ನಮ್ಮ ಮದರಸದಲ್ಲಿ ಚಾಪೆಯ ಮೇಲೆ ಕುಳಿತು, ಉಸ್ತಾದರು ಹೇಳಿಕೊಟ್ಟದ್ದನ್ನು ಹಿಂದಕ್ಕೂ ಮುಂದಕ್ಕೂ ಮೈ ತೂಗುತ್ತಾ ಹೇಳಿ ಕಲಿತವನು ನಾನು. ಹೈಸ್ಕೂಲಿನಲ್ಲೂ ಹಾಗೆಯೇ ಮುಂದುವರಿದೆ. ಉರ್ವದಿಂದ ಬರುತ್ತಿದ್ದ ಕೊಂಕಣಿ ಮನೆಮಾತಿನ ಸಹಪಾಠಿಯೊಬ್ಬ ಸಂಜೆ ನಮ್ಮ ಗೋದಾಮಿನ ಜಗಲಿಯಲ್ಲಿ, ಕೊಬ್ಬರಿ ಚೀಲಕ್ಕೆ ಒರಗಿ ಪಾಠ ಓದುತ್ತಿದ್ದ. ನಾನು ತೂಗುತ್ತಾ ಕೇಳಿ ತಿರುಗಿ ಹೇಳುತ್ತಿದ್ದೆ. ಅವನು ಒಂದು ಶಬ್ದವನ್ನೂ ಬಿಡದೆ ಓದುತ್ತಿದ್ದ. ನಾನೂ ಒಂದನ್ನೂ ಬಿಡದೆ ಕಲಿಯುತ್ತಿದ್ದೆ.

"ಬಾಯಿಪಾಠ ಆದರೆ ಈಗ ಹೇಳು. ಕೈ ಕಟ್ಟಿ ನೆಟ್ಟಗೆ ನಿಂತು ಹೇಳು," ಎಂದರು ಹೆಡ್‌ಮಾಷ್ಟ್ರು.

ನಿಂತೆ. ಮೊದಲ ವಾಕ್ಯವೇ ಬರಲಿಲ್ಲ. ವಿಜ್ಞಾನದ ಮಾಷ್ಟ್ರು ಪತ್ರಿಕೆಯನ್ನು ಮಡಚತೊಡಗಿದರು.

ಸುದ್ದಿ ತಿಳಿದು ಬಂದು ಬಾಗಿಲ ಹೊರಗೆ ನಿಂತಿದ್ದ ನನ್ನ ಸಹಪಾಠಿ ಕರೆಯದೆಯೇ ಒಳಗೆ ಬಂದ. "ಅವನನ್ನು ಕೂರ್ಲಿಕ್ಕೆ ಬಿಡಿ ಸರ್. ನಿಂತ್ರೆ ಅವನಿಗೆ ಬರುದಿಲ್ಲ."

"ಕೂತು ಎಂತ, ಮೊಟ್ಟೆ ಇಡ್ಲಿಕ್ಕುಂಟಾ?" ಎಂದರು ವಿಜ್ಞಾನದ ಮಾಷ್ಟ್ರು. ಆದರೆ ಹೆಡ್‌ಮಾಷ್ಟ್ರು ಕೈಯಿಂದ ನೆಲ ತೋರಿಸಿದರು.

ಚಕ್ಕಳಮಕ್ಕಳ ಹಾಕಿ ಕೂತೆ. ತೂಗಲು ಶುರು ಮಾಡಿದ ಮೇಲೆ ಪಾಠ ತಾನಾಗಿ ಬಂತು. ಎದುರು ಪುಟದ ಚಿತ್ರ ನೋಡಿ ಎನ್ನುವುದನ್ನೂ ಅದರ ಜಾಗದಲ್ಲೇ ಹೇಳಿದೆ. ಪಾಠ ಮುಗಿಯುವವರೆಗೆ ಯಾರೂ ತಡೆಯಲಿಲ್ಲ.

"ಯಾವ ಚಿತ್ರ?" ಎಂದು ಕೇಳಿದರು ಹೆಡ್‌ಮಾಷ್ಟ್ರು.

ನನಗೆ ಗೊತ್ತಿರಲಿಲ್ಲ. ವಿಜ್ಞಾನದ ಮಾಷ್ಟ್ರು ಪುಸ್ತಕ ತೆರೆದು ನನ್ನ ಮುಂದೆ ಹಿಡಿದರು. ಹೃದಯದ ಕೋಣೆಗಳೆಂದರೆ ನಮ್ಮ ಗೋದಾಮಿನ ಕೋಣೆಗಳ ಹಾಗೆ ಒಂದೇ ಸಾಲಿನಲ್ಲಿರುತ್ತವೆ ಎಂದುಕೊಂಡಿದ್ದೆ. ಇಲ್ಲಿ ಎರಡು ಮೇಲೆ, ಎರಡು ಕೆಳಗೆ ಇದ್ದವು. ಇಡೀ ಪಾಠ ನನ್ನ ಬಾಯಲ್ಲಿತ್ತು, ಅದು ಯಾವುದರ ಬಗ್ಗೆ ಎಂದು ಮಾತ್ರ ನನಗೆ ತಿಳಿದಿರಲಿಲ್ಲ.

ಪರೀಕ್ಷೆಗೆ ಕಳಿಸಿದರು. ನಾನು ಕಿವಿಯಿಂದಲೇ ಕಲಿತೆ, ಈಗಲೂ ಹಾಗೆಯೇ. ಆದರೆ ಅಂದು ಸಂಜೆಯಿಂದ ಜಗಲಿಯಲ್ಲಿ ಪ್ರತಿ ಪುಟಕ್ಕೂ ಸಹಪಾಠಿಯನ್ನು ನಿಲ್ಲಿಸಿ, "ಚಿತ್ರ ಉಂಟಾ? ತೋರಿಸು," ಎನ್ನುತ್ತಿದ್ದೆ. ಪಾಠ ಮುಗಿಯಲು ಎರಡರಷ್ಟು ಹೊತ್ತು ಹಿಡಿಯುತ್ತಿತ್ತು.

ಮಾಷ್ಟ್ರುಗಳು ಇಬ್ಬರೂ ತೀರಿಕೊಂಡಿದ್ದಾರೆ. ಇದನ್ನು ಕಂಡವರಲ್ಲಿ ಉಳಿದಿರುವುದು ಉರ್ವದ ಆ ಸಹಪಾಠಿ ಒಬ್ಬನೇ. ಅವನಿಗೆ ಈಗ ಕಣ್ಣು ಸರಿ ಕಾಣುವುದಿಲ್ಲವಾದ್ದರಿಂದ ಬರೆದದ್ದನ್ನು ನಾನೇ ಅವನಿಗೆ ಓದಿ ಹೇಳಿದೆ. ನಾನು ನಿಂತದ್ದು ಮೇಜಿನ ಬಲಗಡೆ ಎಂದ. ಉಳಿದದ್ದೆಲ್ಲ ಸರಿ ಎಂದ.