ಮಗಳೊಂದಿಗೆ ಮುಂಬೈಯಲ್ಲಿ ಒಂಬತ್ತು ತಿಂಗಳು

ಮುಂಬೈಯಲ್ಲಿ ನನ್ನನ್ನು ಮೊದಲು ಮಾತಾಡಿಸಿದ ಹೆಂಗಸು ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಮಗಳ ಮುಖ ನೋಡಿ ‘ಕೌಂಟ್ ಕಿತ್ನಾ ಹೈ?’ ಎಂದಳು. ಊಟದ ವಿಷಯವಿರಬೇಕು ಅಂದುಕೊಂಡು ‘ಆಯ್ತ್’ ಎಂದು ತಲೆಯಾಡಿಸಿದೆ. ನಮ್ಮ ಕಡೆ ಎದುರು ಸಿಕ್ಕವರು ಮೊದಲು ಕೇಳುವುದು ಅದನ್ನೇ ತಾನೆ? ಆಸ್ಪತ್ರೆಯ ಹತ್ತಿರ ನಾವು ಇಳಿದುಕೊಂಡ ಧರ್ಮಶಾಲೆಯಲ್ಲಿ ಕೌಂಟ್ ಎಂದರೆ ಮಗುವಿನ ರಕ್ತದಲ್ಲಿರುವ ಬಿಳಿ ಕಣಗಳ ಲೆಕ್ಕ ಎಂದು ತಿಳಿಯಲು ಎರಡು ದಿನ ಬೇಕಾಯಿತು. ಅದು ಏರಿದ ದಿನ ತಾಯಂದಿರು ತಲೆ ಬಾಚಿಕೊಳ್ಳುತ್ತಿದ್ದರು. ಇಳಿದ ದಿನ ಅವರನ್ನು ಯಾರೂ ಮಾತಾಡಿಸುತ್ತಿರಲಿಲ್ಲ.

ನಾನು ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಬುಟ್ಟಿ ಇಟ್ಟು ಕೂರುವವಳು. ಗಂಡ ಬೋಟಿಗೆ ಹೋಗುತ್ತಾರೆ. ಶ್ರಾವ್ಯ ಒಬ್ಬಳೇ ಮಗಳು, ಆರು ವರ್ಷ. ಜ್ವರ ಬಂದದ್ದು ಬಿಡಲೇ ಇಲ್ಲ. ಕಾಲ ಮೇಲೆ ನೀಲಿ ಕಲೆಗಳು ಎದ್ದವು. ‘ಮಗಿಗೆ ಹೊಡ್ದ್ಯಾ ನೀನ್?’ ಎಂದು ಅತ್ತೆ ನನ್ನ ಮೇಲೆ ಸಿಟ್ಟಾದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ರಕ್ತದ ಕ್ಯಾನ್ಸರ್ ಎಂದು ಹೇಳಿ ಮುಂಬೈಗೆ ಬರೆದುಕೊಟ್ಟರು. ನಮ್ಮೂರಿನ ಎಷ್ಟೋ ಗಂಡಸರು ಹೋಟೆಲ್ ಕೆಲಸಕ್ಕೆ ಹೋದ ಊರು ಅದು. ಅಲ್ಲಿಗೆ ನಾನು ಹೀಗೆ ಹೋಗುತ್ತೇನೆಂದು ಯಾರು ಅಂದುಕೊಂಡಿದ್ದರು?

ಧರ್ಮಶಾಲೆಯಲ್ಲಿ ಒಂದು ಹಾಲ್, ಆರು ಸಂಸಾರ. ಮಾರ್ಕೆಟ್ಟಿನ ಈ ತುದಿಯಿಂದ ಆ ತುದಿಗೆ ಕೂಗುತ್ತಿದ್ದ ನಾನು ಅಲ್ಲಿ ಮೂಕಿಯಾದೆ. ಪಕ್ಕದ ಚಾಪೆಯ ಸುನಂದಾ ಸಾತಾರದ ಕಡೆಯವಳು. ಅವಳ ಮಗಳು ಆರೋಹಿಗೂ ಇದೇ ಕಾಯಿಲೆ. ಮಕ್ಕಳಿಬ್ಬರೂ ಒಂದೇ ವಾರದಲ್ಲಿ ಜೊತೆಯಾದರು. ಶ್ರಾವ್ಯ ಕಲಿತ ಮೊದಲ ಮರಾಠಿ ಮಾತು ‘ದುಖ್ತಂಯ್’. ನೋಯುತ್ತಿದೆ ಎಂದು ಅರ್ಥ.

ಅಡುಗೆ ಬಿಸಿಬಿಸಿಯೇ ಆಗಬೇಕು, ನೀರು ಕುದಿಸಿಯೇ ಕುಡಿಯಬೇಕು, ಹಸಿ ತರಕಾರಿ ಕೂಡದು. ಒಮ್ಮೆ ಆಸೆಯಿಂದ ಬಂಗುಡೆ ಸಾರು ಮಾಡಿದೆ. ಮನೆಯಲ್ಲಿ ತಲೆಯನ್ನೂ ಬಿಡದೆ ಚೀಪುತ್ತಿದ್ದ ಹುಡುಗಿ ವಾಂತಿ ಮಾಡಿಕೊಂಡು ನನ್ನನ್ನು ದೂಡಿದಳು. ‘ಅಮ್ಮ, ನೀನ್ ವಾಸ್ನಿ.’ ಔಷಧದ ದೆಸೆಯಿಂದ ಎಂದು ಗೊತ್ತಿದ್ದರೂ ಅವತ್ತು ಮೂರು ಸಲ ಸ್ನಾನ ಮಾಡಿದೆ.

ಗೆದ್ದದ್ದೂ ಒಂದಿದೆ. ನರ ಸಿಗದೆ ನರ್ಸ್ ನಾಲ್ಕನೇ ಸಲ ಸೂಜಿ ಎತ್ತಿದಾಗ ಕೈ ಅಡ್ಡ ಹಿಡಿದು ‘ರುಕೋ. ಬಡೀ ಸಿಸ್ಟರ್ ಕೋ ಬುಲಾವ್’ ಎಂದೆ. ದೊಡ್ಡ ಸಿಸ್ಟರ್ ಬಂದು ಒಂದೇ ಸಲಕ್ಕೆ ಹಾಕಿದರು. ‘ಅಮ್ಮ, ನಿಂಗೆ ಹಿಂದಿ ಬತ್ತಾ!’ ಎಂದು ಮಗಳು ಅಳು ಮರೆತು ನಕ್ಕಳು.

ಒಂಬತ್ತನೇ ತಿಂಗಳಲ್ಲಿ ಮತ್ತೆ ಜ್ವರ ಬಂತು. ಮೂಳೆಯೊಳಗಿನ ಪರೀಕ್ಷೆ ಮಾಡಿ ಡಾಕ್ಟರು ನನ್ನನ್ನು ಕೂರಿಸಿಕೊಂಡರು. ‘ಬೀಮಾರಿ ವಾಪಸ್ ಆಯೀ ಹೈ. ದವಾ ಕಾಮ್ ನಹೀಂ ಕರ್ ರಹೀ. ಘರ್ ಲೇ ಜಾಯಿಯೇ.’ ಕಾಯಿಲೆ ಮರಳಿದೆ, ಔಷಧ ಹಿಡಿಯುತ್ತಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆ ಭಾಷೆ ಕಲಿಯಬಾರದಿತ್ತು ಅನ್ನಿಸಿತು. ಫೋನಿನಲ್ಲಿ ಗಂಡನಿಗೆ ಅದನ್ನೇ ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ. ಅವರೇ ತಿಳಿದುಕೊಂಡು, ‘ಕರ್ಕಂಡ್ ಬಾ’ ಎಂದರು.

ಊರಿಗೆ ಬಂದಾಗ ಶ್ರಾವ್ಯಳಿಗಾಗಿ ಅತ್ತೆ ಮನೆಯನ್ನು ಗುಡಿಸಿ, ಒರೆಸಿ, ಮಂಚ ಹಾಕಿಸಿದ್ದರು. ನೆಂಟರೆಲ್ಲ ಬಾಗಿಲ ಹತ್ತಿರ ನಿಂತು ನೋಡಿ ಹೋದರು. ಬೋಳು ತಲೆಗೆ ಟವೆಲ್ ಎಳೆದುಕೊಂಡು ಗೋಡೆಗೆ ತಿರುಗಿ ಮಲಗಿದವಳು ಎರಡನೇ ದಿನ ಹೇಳಿದಳು, ‘ಅಮ್ಮ, ಮನಿಗೆ ಹೋಪ.’

‘ಇದೇ ನಮ್ಮನಿ ಅಲ್ದಾ ಮಗಾ?’

‘ಅಲ್ಲ. ಆರೋಹಿ ಇಪ್ಪು ಮನಿ.’

ಅತ್ತೆ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. ನಾನು ಮಂಚ ತೆಗೆಸಿದೆ. ನೆಲಕ್ಕೆ ಚಾಪೆ ಹಾಸಿ, ಧರ್ಮಶಾಲೆಯಲ್ಲಿ ಮರೆಗೆ ಕಟ್ಟಿಕೊಳ್ಳುತ್ತಿದ್ದ ಹಾಗೆ ಕೋಣೆಗೆ ಅಡ್ಡವಾಗಿ ಸೀರೆ ಕಟ್ಟಿದೆ. ಅದನ್ನು ಮುಟ್ಟಿ ನೋಡಿ ನಿದ್ದೆ ಮಾಡಿದಳು. ಹದಿಮೂರು ದಿನ ಆ ಮರೆಯಲ್ಲೇ ಇದ್ದಳು. ಆಮೇಲೆ ಇಲ್ಲ.

ಈಗ ಮಾರ್ಕೆಟ್ಟಿಗೆ ಹೋಗುತ್ತಿದ್ದೇನೆ. ಇಲ್ಲಿನವರಿಗೆ ನೆನಪಿರುವುದು ಗದ್ದೆಯಂಚಿನಲ್ಲಿ ಓಡುತ್ತಿದ್ದ ಶ್ರಾವ್ಯ. ಮಾತ್ರೆಯನ್ನು ಬೆಲ್ಲದೊಳಗಿಟ್ಟು ನುಂಗುತ್ತಿದ್ದವಳನ್ನು, ನೋವಿಗೆ ಮರಾಠಿಯಲ್ಲಿ ಅಳುತ್ತಿದ್ದವಳನ್ನು ಇವರು ಕಂಡಿಲ್ಲ. ಅವಳನ್ನು ಹಾಗೆ ಕಂಡವರಿಗೆ ನನ್ನ ಕನ್ನಡ ಬಾರದು.

ಸುನಂದಾ ಆಗಾಗ ಫೋನ್ ಮಾಡುತ್ತಾಳೆ. ಆರೋಹಿಗೆ ಅವಳು ನಿಜ ಹೇಳಿಲ್ಲ. ಹಿಂದಿನಿಂದ ಆ ಮಗುವಿನ ದನಿ ಕೇಳುತ್ತದೆ, ‘ಶ್ರಾವ್ಯಾ ಕೈಸೀ ಹೈ?’ ನಾನು ‘ಅಚ್ಛೀ ಹೈ’ ಎನ್ನುತ್ತೇನೆ. ಆರೋಹಿಯ ಪಾಲಿಗೆ ನನ್ನ ಮಗಳು ಊರಿನಲ್ಲಿ ಚೆನ್ನಾಗಿದ್ದಾಳೆ. ಊರಿನಲ್ಲಿ ಅವಳಿಲ್ಲ.