ಒಂಬತ್ತನೇ ಬಿ ತರಗತಿಯ ದುಭಾಷಿ

2012ರ ಜೂನ್‌ನಲ್ಲಿ ಡೊಂಬಿವಲಿ ಎಂಐಡಿಸಿ ಕೈಗಾರಿಕಾ ವಲಯದ ವಸತಿ ಭಾಗದಲ್ಲಿದ್ದ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಗೆ ನಾನು ಸಹಾಯಕ ಶಿಕ್ಷಕಿಯಾಗಿ ಸೇರಿದೆ. ಎಂಟು ಮತ್ತು ಒಂಬತ್ತನೇ ತರಗತಿಗಳಿಗೆ ಇಂಗ್ಲಿಷ್, ಇತಿಹಾಸ. ವಾರಕ್ಕೆ ಮೂವತ್ತೊಂದು ಪೀರಿಯಡ್. ನನಗಾಗ ಇಪ್ಪತ್ಮೂರು ವರ್ಷ. ಕಾಲೇಜಿನ ದಿನಗಳಲ್ಲಿ ಠಾಣೆಯಿಂದ ಕಲ್ಯಾಣದವರೆಗೆ ಎಲ್ಲಿ ಚರ್ಚಾಸ್ಪರ್ಧೆ ನಡೆದರೂ ಹೋಗಿ ಮಾತಾಡಿ ಬಂದವಳು. ಅಲ್ಲಿ ಅಂಟಿಕೊಂಡ ಒಂದು ಚಟವಿತ್ತು: ಯಾರು ಏನು ಹೇಳಿದರೂ ಮೊದಲು ಆಧಾರ ಕೇಳುವುದು. ಶಾಲೆಯ ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ ‘ಪ್ರತಿ ಮಗುವಿನ ಮಾತಿಗೂ ಇಲ್ಲಿ ಬೆಲೆಯಿದೆ’ ಎಂದು ಬರೆದಿದ್ದನ್ನು ಓದಿದಾಗಲೂ ಮನಸ್ಸಿನಲ್ಲಿ ಅದನ್ನೇ ಕೇಳಿಕೊಂಡೆ. ಆಧಾರ ಸಿಕ್ಕಲು ಏಳು ತಿಂಗಳು ಬೇಕಾಯಿತು. ಸಿಕ್ಕಿದ್ದು ನನ್ನ ವಿರುದ್ಧವೇ ಇತ್ತು.

ಆ ಶಾಲೆಯ ಮಕ್ಕಳಲ್ಲಿ ಬಹಳಷ್ಟು ಜನ ಕರ್ನಾಟಕದ ಮನೆಗಳವರು. ಅಪ್ಪಂದಿರು ಹೋಟೆಲಿನಲ್ಲೋ ಕಾರ್ಖಾನೆಯಲ್ಲೋ ದುಡಿದು, ಮರಾಠಿ ಹಿಂದಿ ಎರಡನ್ನೂ ಹೇಗೋ ನಿಭಾಯಿಸುತ್ತಿದ್ದರು. ಆದರೆ ಬೆಳಗ್ಗೆ ಶಾಲೆಯ ಕಚೇರಿಗೆ ಬರುತ್ತಿದ್ದವರು ಅಮ್ಮಂದಿರು. ಅವರಲ್ಲಿ ಕೆಲವರಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು. ಕಚೇರಿಯ ಗುಮಾಸ್ತ ಪಾಟೀಲ್ ಸರ್‌ಗೆ ಮರಾಠಿ ಬಿಟ್ಟರೆ ಬೇರೆ ಬಾರದು. ನಾನು ಸೇರಿದ ಎರಡನೆಯ ವಾರವೇ ಅವರು ಸ್ಟಾಫ್ ರೂಮಿಗೆ ಬಂದು, “ಟೀಚರ್, ನೀವು ಕನ್ನಡದವರಲ್ಲವೇ? ಒಬ್ಬರು ಬಂದಿದ್ದಾರೆ, ಸ್ವಲ್ಪ ಮಾತಾಡಿ ಕೊಡಿ” ಎಂದರು. ಎರಡು ಸಲ ಹೋದೆ. ಮೂರನೆಯ ಸಲ ಕೈಯಲ್ಲಿ ತಿದ್ದಬೇಕಾದ ಅರವತ್ತು ನೋಟ್‌ಬುಕ್ ಇದ್ದವು. “ನನಗೆ ಆಗುವುದಿಲ್ಲ ಸರ್. ಒಂಬತ್ತನೇ ಬಿ ತರಗತಿಯಲ್ಲಿ ನಿಶ್ಮಿತಾ ಪೂಜಾರಿ ಅಂತ ಒಬ್ಬಳಿದ್ದಾಳೆ, ನನಗಿಂತ ಚೆನ್ನಾಗಿ ತುಳು ಬರುತ್ತದೆ. ಅವಳನ್ನು ಕರೆಯಿರಿ” ಎಂದೆ. ಪಾಟೀಲ್ ಸರ್ ಬೇಸರಪಡಲಿಲ್ಲ. ನಾನೂ ಆ ಮಾತನ್ನು ಅಲ್ಲಿಯೇ ಮರೆತೆ.

ಈಗ ಹದಿನೇಳನೇ ನಂಬರ್ ಫಾರ್ಮಿನ ವಿಷಯ ಹೇಳಬೇಕು. ಮಹಾರಾಷ್ಟ್ರದಲ್ಲಿ ಶಾಲೆಗೆ ಹೋಗದೆ ಖಾಸಗಿಯಾಗಿ ಎಸ್ಸೆಸ್ಸಿ, ಅಂದರೆ ಹತ್ತನೇ ತರಗತಿಯ ಪರೀಕ್ಷೆ, ಬರೆಯುವವರು ತುಂಬುವ ಅರ್ಜಿ ಅದು. ಓದು ಬಿಟ್ಟವರಿಗೆ ಮತ್ತೆ ಬಾಗಿಲು ತೆರೆಯಲೆಂದು ಇರುವ ಒಳ್ಳೆಯ ವ್ಯವಸ್ಥೆ. ನಮ್ಮ ಶಾಲೆಯಲ್ಲಿ ಅದು ಹೊರಗೆ ಕಳಿಸುವ ಬಾಗಿಲಾಗಿತ್ತು. ಹತ್ತನೇ ತರಗತಿಯ ಫಲಿತಾಂಶ ಕೆಡಿಸಬಹುದಾದವರನ್ನು ಒಂಬತ್ತರಲ್ಲೇ ಗುರುತಿಸಿ, “ಎಲ್‌ಸಿ ತೆಗೆದುಕೊಳ್ಳಿ, ಹದಿನೇಳು ನಂಬರ್ ತುಂಬಿ” ಎಂದು ಪಾಲಕರಿಗೆ ಸಲಹೆ ಕೊಡುತ್ತಿದ್ದರು. ಎಲ್‌ಸಿ ಎಂದರೆ ಶಾಲೆ ಬಿಟ್ಟ ಪ್ರಮಾಣಪತ್ರ. ಹಿಂದಿನ ವರ್ಷ ಹಾಗೆ ಹೋದವರು ಐವರು, ಅವರಲ್ಲಿ ಪರೀಕ್ಷೆಗೆ ಕೂತವರು ಇಬ್ಬರು. ಇದನ್ನು ಪಾಟೀಲ್ ಸರ್ ತಾವಾಗಿಯೇ ಹೇಳಿದ್ದರು, ಹವಾಮಾನದ ಸುದ್ದಿಯಂತೆ.

2013ರ ಜನವರಿಯ ಒಂದು ಶನಿವಾರ ಓಪನ್ ಹೌಸ್ ಇತ್ತು. ಪಾಲಕರನ್ನು ಕರೆದು ಉತ್ತರಪತ್ರಿಕೆ ತೋರಿಸುವ ದಿನ ಅದು. ಪಾಲಕರಿಗೆ ಕುರ್ಚಿ, ಮಗು ಕುರ್ಚಿಯ ಪಕ್ಕ ನಿಂತಿರಬೇಕು. ನಿಶ್ಮಿತಾಳ ಕ್ಲಾಸ್ ಟೀಚರ್ ಸಾವಂತ್ ಮೇಡಂ, ಗಣಿತದವರು. ಅವರ ಪಕ್ಕದ ಮೇಜು ನನ್ನದು. ನಿಶ್ಮಿತಾಳ ಅಮ್ಮ ವಸಂತಿಯಕ್ಕ ಬಂದು ಕೂತರು. ಸಾವಂತ್ ಮೇಡಂ ಮರಾಠಿಯಲ್ಲಿ ಶುರು ಮಾಡಿದರು, ನಿಶ್ಮಿತಾ ತುಳುವಿನಲ್ಲಿ ಅಮ್ಮನಿಗೆ ಹೇಳತೊಡಗಿದಳು. ನನ್ನ ಮೇಜಿನ ಮುಂದೆ ಯಾರೂ ಇರಲಿಲ್ಲ, ಪೂರ್ತಿ ಕೇಳಿಸಿತು.

“ಬೀಜಗಣಿತದಲ್ಲಿ ನಲವತ್ತಕ್ಕೆ ಒಂಬತ್ತು, ರೇಖಾಗಣಿತದಲ್ಲಿ ಏಳು. ತರಗತಿಯಲ್ಲಿ ಲಕ್ಷ್ಯವೇ ಇಲ್ಲ.”

ನಿಶ್ಮಿತಾ ಅಂಕ ಹೇಳಿ, “ಹುಡುಗಿಗೆ ಲಕ್ಷ್ಯ ಇಲ್ಲವಂತೆ” ಎಂದಳು.

“ಯಾವ ಹುಡುಗಿಗೆ?” ಎಂದರು ಅಮ್ಮ.

“ನನಗೆ.”

ವಸಂತಿಯಕ್ಕ ಮಗಳ ಮುಖ ನೋಡಿದರು. “ಹಾಗಾದ್ರೆ ಇನ್ನು ಎಂತ ಮಾಡುದಂತೆ?”

ಮೇಡಂ ಕಡೆ ತಿರುಗಿ ನಿಶ್ಮಿತಾ ಶುದ್ಧ ಮರಾಠಿಯಲ್ಲಿ, “ಮುಂದೇನು ಎಂದು ಪಾಲಕರು ಕೇಳುತ್ತಿದ್ದಾರೆ” ಎಂದಳು.

ಮೇಡಂ ಹದಿನೇಳು ನಂಬರಿನ ಸಲಹೆ ಕೊಟ್ಟರು. ನಿಶ್ಮಿತಾ ಒಂದು ಪದವನ್ನೂ ಬಿಡಲಿಲ್ಲ, ಮೆದುಗೊಳಿಸಲೂ ಇಲ್ಲ. ಬರುವ ವರ್ಷ ಈ ಶಾಲೆಗೆ ಬರುವಂತಿಲ್ಲ, ಮನೆಯಲ್ಲೇ ಓದಿ ಪರೀಕ್ಷೆ ಬರೆಯಬೇಕು, ಒಪ್ಪಿಗೆಯ ಕಾಗದಕ್ಕೆ ಸಹಿ ಬೇಕು. ವಸಂತಿಯಕ್ಕ, “ಟೀಚರ್ ಹೇಳಿದ ಮೇಲೆ ಸರಿಯೇ ಇರ್ತದೆ. ಎಲ್ಲಿ ಸೈನ್ ಮಾಡುದು?” ಎಂದರು. ಮಗಳು ಬಗ್ಗಿ ಬೆರಳಿನಿಂದ ಜಾಗ ತೋರಿಸಿದಳು.

ನನಗೆ ಸಿಟ್ಟು ಬಂತು. ಈ ಶಾಲೆಯ ಬಗ್ಗೆ ನನಗಿದ್ದ ಅನುಮಾನಗಳಿಗೆಲ್ಲ ಒಂದೇ ಮೇಜಿನ ಮೇಲೆ ಪುರಾವೆ ಸಿಕ್ಕಿತ್ತು ಎಂಬ ಸಂತೋಷವೂ ಆ ಸಿಟ್ಟಿನಲ್ಲಿ ಸ್ವಲ್ಪ ಬೆರೆತಿತ್ತು, ಸುಳ್ಳು ಹೇಳುವುದೇಕೆ. ಸೋಮವಾರ ಸ್ಟಾಫ್ ರೂಮಿನಲ್ಲಿ ಸಾವಂತ್ ಮೇಡಂ ಹತ್ತಿರ ಹೋಗಿ, ಎಂಟನೇ ತರಗತಿಯಲ್ಲಿ ಗಣಿತದಲ್ಲಿ ನೂರಕ್ಕೆ ಅರವತ್ತೆಂಟು ತೆಗೆದವಳು ನಲವತ್ತಕ್ಕೆ ಏಳು ಎಂಬಲ್ಲಿಗೆ ಇಳಿದದ್ದು ಏಕೆಂದು ಯಾರಾದರೂ ಅವಳನ್ನು ಕೇಳಿದಿರಾ ಎಂದೆ.

ಮೇಡಂ ಚಹಾ ಲೋಟ ಕೆಳಗಿಟ್ಟರು. “ನನ್ನ ತರಗತಿಯಲ್ಲಿ ಅರವತ್ತೆರಡು ಮಕ್ಕಳು. ಒಬ್ಬೊಬ್ಬರನ್ನು ಕೂರಿಸಿ ಕೇಳುವುದು ನಿಮ್ಮ ಬಿ.ಎಡ್. ಪುಸ್ತಕದಲ್ಲಿ ಚೆನ್ನಾಗಿರುತ್ತದೆ. ಅದಿರಲಿ, ಅವಳು ತರಗತಿಯಲ್ಲಿ ಇದ್ದರೆ ತಾನೇ ಕೇಳುವುದು? ಅರ್ಧ ದಿನ ಹೊರಗೇ ಇರುತ್ತಾಳೆ.”

“ಹೊರಗೆ ಎಲ್ಲಿ?”

“ಆಫೀಸಿನಿಂದ ಕರೆ ಬರುತ್ತದಲ್ಲ. ಹೋಗುತ್ತಾಳೆ, ಆರಾಮಾಗಿ ಬರುತ್ತಾಳೆ.”

ತರಗತಿಯಿಂದ ಮಗುವನ್ನು ಕರೆಸಿಕೊಳ್ಳಲು ನಮ್ಮಲ್ಲಿ ಒಂದು ವಹಿ ಇತ್ತು. ಕಚೇರಿಯ ಜವಾನ ಅದನ್ನು ತಂದು ತೋರಿಸಿದರೆ ಪಾಠ ಮಾಡುತ್ತಿರುವವರು ಸಹಿ ಮಾಡಿ ಮಗುವನ್ನು ಕಳಿಸಬೇಕು. ಹೆಸರು, ತರಗತಿ, ವೇಳೆ, ಕಾರಣ, ಎಲ್ಲ ಅದರಲ್ಲಿ ಇರುತ್ತದೆ. ಮರುದಿನ ಪಾಟೀಲ್ ಸರ್ ಅವರ ಅನುಮತಿ ಪಡೆದು ಅದನ್ನು ತಿರುವಿ ಹಾಕಿದೆ. ಜೂನ್‌ನಿಂದ ಜನವರಿಯವರೆಗೆ ನಿಶ್ಮಿತಾ ಪೂಜಾರಿಯನ್ನು ಕರೆಸಿದ್ದು ಐವತ್ತೆಂಟು ಸಲ. ಕಾರಣದ ಕಾಲಮ್ಮಿನಲ್ಲಿ ಎಲ್ಲ ಕಡೆ ‘ಪಾಲಕರ ಕೆಲಸ’. ಕಚೇರಿ ಪಾಲಕರಿಗೆ ತೆರೆದಿರುತ್ತಿದ್ದುದು ಎಂಟೂವರೆಯಿಂದ ಒಂಬತ್ತೂ ಮುಕ್ಕಾಲರವರೆಗೆ, ಅಂದರೆ ಮೂರು ಮತ್ತು ನಾಲ್ಕನೆಯ ಪೀರಿಯಡ್. ಒಂಬತ್ತನೇ ಬಿಗೆ ವಾರದಲ್ಲಿ ನಾಲ್ಕು ದಿನ ಮೂರನೆಯ ಪೀರಿಯಡ್ ಗಣಿತ. ಐವತ್ತೆಂಟರಲ್ಲಿ ಮೂವತ್ತೊಂದು ಸಲ ಅವಳನ್ನು ಎಬ್ಬಿಸಿದ್ದು ಗಣಿತದಿಂದ. ಪ್ರತಿ ಸಲವೂ ಕರೆಯುವಾಗ ಹೇಳುವುದು ಹತ್ತೇ ನಿಮಿಷದ ಕೆಲಸವೆಂದು, ಹಾಗಾಗಿ ಯಾರಿಗೂ ಲೆಕ್ಕವಿಲ್ಲ. ಐದು ಕಡೆ ಕಳಿಸಿಕೊಟ್ಟವರ ಸಹಿ ನನ್ನದು. ನೋಡದೆ ಮಾಡಿದ ಸಹಿಗಳು.

ಮೊದಲ ನಮೂದಿನ ವಾರವೂ ನನಗೆ ಗೊತ್ತಿದ್ದ ವಾರವೇ. ನೋಟ್‌ಬುಕ್ ತಿದ್ದಬೇಕೆಂದು ನಾನು ಕೈಚೆಲ್ಲಿದ ವಾರ ಅದು.

ರಿಸೆಸ್‌ನಲ್ಲಿ ನಿಶ್ಮಿತಾಳನ್ನು ಹುಡುಕಿದೆ. ನೀರಿನ ನಲ್ಲಿಯ ಹತ್ತಿರ ಬಾಟಲಿ ತುಂಬಿಸುತ್ತಿದ್ದಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ; ಇಲ್ಲಿ ಹುಟ್ಟಿದ ನಮಗೆಲ್ಲ ಇರುವ ರೋಗ.

“ಇಷ್ಟು ಸಲ ಕರೆದಾಗ ಬರುವುದಿಲ್ಲ ಅಂತ ಯಾಕೆ ಹೇಳಲಿಲ್ಲ?”

“ಟೀಚರ್, ಮನಾ ಕೈಸೇ ಕರೂಂ?” ಎಂದಳು. ಬೇಡ ಎನ್ನುವುದು ಹೇಗೆ? “ನೀವು ಬೇಡ ಅಂದ್ರೆ ಬ್ಯುಸಿ ಅಂತಾರೆ. ನಾನು ಅಂದ್ರೆ ಆಟಿಟ್ಯೂಡ್ ಅಂತಾರೆ.”

ಬಾಟಲಿಯ ಮುಚ್ಚಳ ತಿರುಗಿಸುತ್ತಾ ಇನ್ನೊಂದು ಮಾತು ಸೇರಿಸಿದಳು. ಈ ಸಲ ಕನ್ನಡದಲ್ಲಿ, ನಿಧಾನವಾಗಿ. “ಅದು ಅಲ್ದೆ, ಆಫೀಸಲ್ಲಿ ನಾನು ಮಾತಾಡಿದ್ರೆ ದೊಡ್ಡವ್ರೆಲ್ಲ ಸುಮ್ನಿದ್ದು ಕೇಳ್ತಾರೆ. ಕ್ಲಾಸಲ್ಲಿ ಕೈ ಎತ್ತಿದ್ರೆ ಆಮೇಲೆ ಅಂತಾರೆ. ನಂಗೆ ಅಲ್ಲಿಗೆ ಹೋಗುದು ಇಷ್ಟ ಇತ್ತು ಟೀಚರ್. ಅದಕ್ಕೆ ಯಾರಿಗೂ ಕಂಪ್ಲೇಂಟ್ ಮಾಡ್ಲಿಲ್ಲ.”

“ಶಾಲೆ ಬಿಟ್ಟ ಮೇಲೆ ಏನು ಅಂತ ಮನೆಯಲ್ಲಿ ಮಾತಾಯಿತಾ?”

“ಉಲ್ಹಾಸನಗರದಲ್ಲಿ ಮಾಮನ ಪರಿಚಯದವ್ರ ರೆಡಿಮೇಡ್ ಅಂಗಡಿ ಉಂಟು. ಅಲ್ಲಿ ಕೂತು ಓದ್ಕೋ ಅಂತಾರೆ.” ನಕ್ಕಳು. “ಗಿರಾಕಿ ಬಂದ್ರೆ ಎದ್ದು ನಿಲ್ಬೇಕಲ್ಲ, ಹೇಗೆ ಓದುದು?”

“ನಿನಗೆ ಏನು ಬೇಕು?”

ಅದು ಅವಳನ್ನು ಯಾರೂ ಕೇಳಿರದ ಪ್ರಶ್ನೆ. “ಹತ್ತನೇ ಇಲ್ಲೇ ಮಾಡ್ಬೇಕು” ಎಂದಳು.

ನಾಲ್ಕು ದಿನಗಳ ಮೇಲೆ ಪ್ರಿನ್ಸಿಪಾಲ್ ಮೇಡಂ ಕೋಣೆಯಲ್ಲಿ ಸೇರಿದೆವು. ಸಾವಂತ್ ಮೇಡಂ, ವಸಂತಿಯಕ್ಕ, ನಿಶ್ಮಿತಾ, ನಾನು. ಈ ಬಾರಿ ದುಭಾಷಿ ನಾನು. ನಿಶ್ಮಿತಾಗೂ ಒಂದು ಕುರ್ಚಿ ಹಾಕಿಸಿದ್ದೆ. ಅವಳು ಅದರ ತುದಿಯಲ್ಲಿ ಕೂತಿದ್ದಳು.

ವಹಿಯನ್ನು ಮೇಜಿನ ಮೇಲಿಟ್ಟು ಐವತ್ತೆಂಟು, ಮೂವತ್ತೊಂದು ಎಂಬ ಎರಡು ಸಂಖ್ಯೆ ಹೇಳಿದೆ. ನನ್ನ ಐದು ಸಹಿಯನ್ನೂ, ಈ ಕೆಲಸಕ್ಕೆ ಅವಳ ಹೆಸರು ಸೂಚಿಸಿದವಳು ನಾನೇ ಎಂಬುದನ್ನೂ ಹೇಳಿದೆ. ಪ್ರಿನ್ಸಿಪಾಲ್ ಮೇಡಂ ಹಾಳೆಗಳನ್ನು ನೋಡಿದರು. ಅವರು ಮೂರ್ಖರಲ್ಲ, ಕ್ರೂರಿಯೂ ಅಲ್ಲ.

“ನೋಡಿ, ಇದನ್ನು ಹೀಗೂ ಹೇಳಬಹುದು,” ಎಂದರು. “ಹದಿನಾಲ್ಕು ವರ್ಷದ ಹುಡುಗಿಯನ್ನು ನಂಬಿ ನಾವು ಕಚೇರಿಯ ಕೆಲಸ ಒಪ್ಪಿಸಿದೆವು. ಅದು ಗೌರವವಲ್ಲವೇ?”

ಚರ್ಚಾಸ್ಪರ್ಧೆಯಲ್ಲಾದರೆ ಇದು ಒಳ್ಳೆಯ ವಾದವೆಂದು ನಾನೇ ಅಂಕ ಕೊಡುತ್ತಿದ್ದೆ. “ಮೇಡಂ, ಇದೇ ಕೆಲಸಕ್ಕೆ ಮೊದಲು ನನ್ನನ್ನು ಕರೆದಿದ್ದರು. ಆಗುವುದಿಲ್ಲ ಎಂದೆ, ಯಾರೂ ನನ್ನ ಅಂಕ ಕತ್ತರಿಸಲಿಲ್ಲ. ಅವಳಿಗೆ ಆ ಮಾತು ಹೇಳುವ ದಾರಿ ಇರಲಿಲ್ಲ. ನಂಬಿಕೆ ಇಟ್ಟದ್ದು ನಿಜ. ಆ ನಂಬಿಕೆಗೆ ಅವಳ ಗಣಿತ ಹೋಯಿತು, ನಮ್ಮದೇನೂ ಹೋಗಲಿಲ್ಲ” ಎಂದೆ. ಇನ್ನೂ ಮಾತಾಡುವುದಿತ್ತು. ಫಲಿತಾಂಶದ ಹುಚ್ಚು, ಹದಿನೇಳು ನಂಬರಿನ ದುರುಪಯೋಗ, ಎಲ್ಲ ಬರೆದುಕೊಂಡು ಬಂದಿದ್ದೆ. ಸಾವಂತ್ ಮೇಡಂ ನಡುವೆ ಬಾಯಿ ಹಾಕಿದರು.

“ಟೀಚರ್, ನೀವೇ ಮಾತಾಡುತ್ತಿದ್ದೀರಿ. ಹುಡುಗಿ ಇಲ್ಲೇ ಕೂತಿದ್ದಾಳಲ್ಲ.”

ಆ ಮಾತು ಚುಚ್ಚಿತು, ಸರಿಯಾಗಿಯೇ ಇತ್ತು. ಚೀಟಿ ಮಡಚಿಟ್ಟೆ.

ಪ್ರಿನ್ಸಿಪಾಲ್ ಮೇಡಂ ಒಂದು ದಾರಿ ಮುಂದಿಟ್ಟರು: ಏಪ್ರಿಲ್‌ನಲ್ಲಿ ಎರಡೂ ಗಣಿತಕ್ಕೆ ಮರುಪರೀಕ್ಷೆ, ನೂರಕ್ಕೆ ಮೂವತ್ತೈದು ಬಂದರೆ ಹತ್ತನೇ ತರಗತಿ. ನಾನು ಅದನ್ನು ವಸಂತಿಯಕ್ಕನಿಗೆ ಹೇಳುತ್ತಿರುವಾಗಲೇ ನಿಶ್ಮಿತಾ ಮರಾಠಿಯಲ್ಲಿ ಮಾತು ಶುರು ಮಾಡಿದಳು. ವಾಕ್ಯಗಳು ನೆಟ್ಟಗಿದ್ದವು. ಪರೀಕ್ಷೆ ಬರೆಯುತ್ತೇನೆ. ಆದರೆ ಆ ಪೀರಿಯಡ್‌ಗಳಲ್ಲಿ ಆಗಿಹೋದ ಪಾಠ ನನಗೆ ಯಾರಾದರೂ ಹೇಳಿಕೊಡಬೇಕು. ಏಪ್ರಿಲ್‌ವರೆಗೆ ವಹಿ ನಮ್ಮ ತರಗತಿಗೆ ಬರಬಾರದು.

ಮಗಳು ಏನೆಂದಳೆಂದು ವಸಂತಿಯಕ್ಕ ಕೇಳಿದರು. ಹೇಳಿದೆ. “ಅಯ್ಯೋ, ದೊಡ್ಡವರ ಹತ್ರ ಹೀಗೆ ಶರತ್ತು ಹಾಕುದಾ ಮಾರಾಯ್ತಿ? ಮನೆಯಲ್ಲಿ ಬಾಯಿಯೇ ಬಿಡುದಿಲ್ಲ” ಎಂದರು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, “ಅವತ್ತು ನಾನು ಸೈನ್ ಹಾಕಿದ್ದು ಉಂಟಲ್ಲ, ಅದನ್ನು ಹರಿಲಿಕ್ಕೆ ಆಗ್ತದಾ ಕೇಳಿ” ಎಂದರು.

ಪ್ರಿನ್ಸಿಪಾಲ್ ಮೇಡಂ ಫೈಲಿನಿಂದ ಕಾಗದ ತೆಗೆದು ವಸಂತಿಯಕ್ಕನ ಕೈಗೇ ಕೊಟ್ಟರು.

ಪಾಠ ಹೇಳಿಕೊಟ್ಟವರು ಸಾವಂತ್ ಮೇಡಂ. ವಾರಕ್ಕೆ ಮೂರು ದಿನ, ಶಾಲೆ ಶುರುವಾಗುವ ಅರ್ಧ ಗಂಟೆ ಮೊದಲು, ಬೆಳಗ್ಗೆ ಆರೂ ನಲವತ್ತಕ್ಕೆ. ಅಷ್ಟೇ ಅಲ್ಲ, ಅದೇ ತರಗತಿಯ ಇನ್ನೂ ನಾಲ್ವರನ್ನು ಜೊತೆಗೆ ಕೂರಿಸಿಕೊಂಡರು. ನನಗೆ ಗಣಿತ ಬಾರದು, ಹಾಗಾಗಿ ನನ್ನ ವಾದ ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಏಪ್ರಿಲ್‌ನಲ್ಲಿ ನಿಶ್ಮಿತಾಗೆ ಬೀಜಗಣಿತದಲ್ಲಿ ನೂರಕ್ಕೆ ನಲವತ್ತೊಂದು, ರೇಖಾಗಣಿತದಲ್ಲಿ ಮೂವತ್ತಾರು ಬಂತು. ಮುಂದಿನ ವರ್ಷದ ಎಸ್ಸೆಸ್ಸಿಯಲ್ಲಿ ಶೇಕಡಾ ಐವತ್ತೇಳು. ಪತ್ರಿಕೆಯಲ್ಲಿ ಫೋಟೋ ಬರುವಂಥ ಅಂಕವಲ್ಲ. ಅವಳು ಕಾಮರ್ಸ್ ಸೇರಿದಳು. ಹದಿನೇಳು ನಂಬರಿನ ಸಲಹೆ ಶಾಲೆಯಲ್ಲಿ ನಿಂತಿತೇ ಎಂದು ಕೇಳಿದರೆ, ಇಲ್ಲ. ಆ ವರ್ಷವೂ ಮೂವರು ಹೋದರು. ಆ ವಾದದಲ್ಲಿ ನಾನು ಸೋತೆ.

ಹದಿಹರೆಯದವರಿಗೆ ದೊಡ್ಡವರು ಗೌರವ ಕೊಡುವುದಿಲ್ಲ ಎಂದು ಭಾಷಣ ಮಾಡುವುದು ಸುಲಭ. ನಾನು ಆ ವಿಷಯದ ಮೇಲೆ ಕಪ್ ಗೆದ್ದವಳು. ಕೆಲಸ ಕಲಿಸಿದ್ದು ಬೇರೆ. ನಾವು ಅವರನ್ನು ಹೊಗಳುತ್ತೇವೆ, ನಂಬುತ್ತೇವೆ, ನಮಗೆ ಬೇಕಾದಾಗ ದೊಡ್ಡವರ ಸಾಲಿನಲ್ಲಿ ನಿಲ್ಲಿಸುತ್ತೇವೆ. ಅದನ್ನೇ ಗೌರವ ಎಂದುಕೊಳ್ಳುತ್ತೇವೆ. ಒಂದು ಶಾಲೆಯಲ್ಲಿ ಮಕ್ಕಳಿಗೆ ಗೌರವ ಇದೆಯೋ ಇಲ್ಲವೋ ತಿಳಿಯಲು ಈಗ ನಾನು ನೋಡುವುದು ಒಂದನ್ನೇ: ಅಲ್ಲಿ ಒಂದು ಮಗು ‘ಆಗುವುದಿಲ್ಲ’ ಎಂದರೆ ಮುಂದೇನಾಗುತ್ತದೆ?

ಅದನ್ನು ನೋಡುವ ಅವಕಾಶ 2013ರ ಜುಲೈನಲ್ಲಿ ಬಂತು. ಅಷ್ಟರಲ್ಲಿ ಕಚೇರಿಯ ದುಭಾಷಿ ಕೆಲಸ ಮತ್ತೆ ನನ್ನದಾಗಿತ್ತು. ನಾನು ರಜೆಯಲ್ಲಿದ್ದ ದಿನವೊಂದರಲ್ಲಿ ಕುಂದಾಪುರ ಕಡೆಯ ತಾಯಿಯೊಬ್ಬರು ಮಗನ ಅಡ್ಮಿಷನ್‌ಗೆ ಬಂದಿದ್ದರಂತೆ. ಪಾಟೀಲ್ ಸರ್ ಬೇರೆ ದಾರಿಯಿಲ್ಲದೆ ಹತ್ತನೇ ಬಿ ಬಾಗಿಲಿಗೆ ತಾವೇ ಹೋಗಿ ಕೇಳಿದರು. ನಿಶ್ಮಿತಾ ಎದ್ದು ನಿಂತು, “ಈಗ ಆಗುವುದಿಲ್ಲ ಸರ್, ಗಣಿತ ನಡೀತಿದೆ. ರಿಸೆಸ್‌ನಲ್ಲಿ ಬರ್ತೇನೆ” ಎಂದಳು. ಮರುದಿನ ಸಾವಂತ್ ಮೇಡಂ ನನ್ನನ್ನು ಹಿಡಿದು, “ನಿಮ್ಮ ಶಿಷ್ಯೆ ಗುಮಾಸ್ತರಿಗೇ ಟೈಮ್ ಕೊಡುತ್ತಾಳೆ” ಎಂದು ಮುಖ ಗಂಟಿಕ್ಕಿ ಹೇಳಿದರು. ಪಾಟೀಲ್ ಸರ್ ಏನು ಮಾಡಿದರು ಎಂದು ಕೇಳಿದೆ. ಕಚೇರಿಗೆ ಹಿಂದಿರುಗಿ, ಆ ತಾಯಿಗೆ ಕುರ್ಚಿ ತೋರಿಸಿ, ಒಂಬತ್ತು ಐವತ್ತಕ್ಕೆ ರಿಸೆಸ್ ಗಂಟೆ ಹೊಡೆಯುವವರೆಗೆ ಕಾದರಂತೆ.