ಕೆಸುವಿನ ಎಲೆಗೆ ಸೊನ್ನೆ

ನ್ಯಾನೊ ಭೌತಶಾಸ್ತ್ರದ ವೈವಾ ನಡೆದಿತ್ತು. ಹೊರಗಿನಿಂದ ಬಂದ ಪರೀಕ್ಷಕರ ಪಕ್ಕ, ಪಾಠ ಮಾಡಿದ ನಾನೂ ಕೂತಿದ್ದೆ. ನೀರು ಅಂಟದ ಮೇಲ್ಮೈಗೆ ಅವರು ಉದಾಹರಣೆ ಕೇಳಿದರು.

"ಕೆಸುವಿನ ಎಲೆ ಸರ್," ಎಂದಳು ಐವರ್ನಾಡಿನ ವಿದ್ಯಾರ್ಥಿನಿ. "ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮೇಣದ ಉಬ್ಬುಗಳು ಉಂಟು. ಹಾಗಾಗಿ ನೀರು ಉರುಳಿ ಹೋಗುದು."

"ಪುಸ್ತಕದಲ್ಲಿ ತಾವರೆ ಎಲೆ ಅಂತ ಇದೆಯಲ್ಲಮ್ಮ."

"ಎರಡೂ ಹಾಗೆಯೇ ಸರ್. ಕೆಸು ನಮ್ಮ ಹಿತ್ತಿಲಲ್ಲೇ ಉಂಟು."

ಅವಳು ನನ್ನತ್ತ ನೋಡಿದಳು. ಆ ಉದಾಹರಣೆ ತರಗತಿಯಲ್ಲಿ ಕೊಟ್ಟವನು ನಾನೇ. ನಾನು ಅಂಕಪಟ್ಟಿಯತ್ತ ಕಣ್ಣಿಳಿಸಿದೆ. ಆ ಪ್ರಶ್ನೆಗೆ ಅವರು ಸೊನ್ನೆ ಹಾಕಿದರು, ಕೆಳಗೆ ನಾನು ಸಹಿ ಹಾಕಿದೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸಿದ ಪತ್ರೊಡೆ. ಅವರು ಎರಡನೇ ಸಲ ಹಾಕಿಸಿಕೊಂಡು, "ಚೆನ್ನಾಗಿದೆ, ಯಾವ ಎಲೆ ಇದು?" ಎಂದರು.

"ತಾವರೆಯದ್ದು ಸರ್," ಎಂದೆ.

ಇಷ್ಟು ಧೈರ್ಯ ಬರಬೇಕಾದರೂ ನನಗೆ ಮೊದಲು ಸಹಿ ಹಾಕಿ ಆಗಬೇಕಿತ್ತು.